ಓಲಾ, ಉಬರ್, ಗ್ರ್ಯಾಬ್: ಊರಲ್ಲೂ ಹೊರದೇಶದಲ್ಲೂ ಗಾಡಿ ಬುಕ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕಡೆಯವರಿಗೆ ಗಾಡಿ ಬೇಕಾದರೆ ಫೋನ್ ಬರುವುದು ನನಗೆ. ದೊಡ್ಡಮ್ಮ ಬಸವನಗುಡಿಯಿಂದ ಮಾಡುತ್ತಾರೆ, ಚಿಕ್ಕಪ್ಪನ ಮಗ ಬ್ಯಾಂಕಾಕ್ ಏರ್‌ಪೋರ್ಟಿನಿಂದ ಮಾಡುತ್ತಾನೆ. ಬಾಣಂತನಕ್ಕೆ ಅಮೆರಿಕಕ್ಕೆ ಹೋದ ಅತ್ತೆ ಅಲ್ಲಿನ ಮಧ್ಯಾಹ್ನ, ಅಂದರೆ ನಮ್ಮ ನಡುರಾತ್ರಿ ಮಾಡುತ್ತಾರೆ. ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಒಂದು ಸಲ ಕೂತು ಎಲ್ಲ ಬರೆದಿದ್ದೇನೆ. ಮೊದಲು ನಮ್ಮೂರಿನದು, ಆಮೇಲೆ ಹೊರದೇಶದ್ದು. ದರದ ಲೆಕ್ಕಗಳೆಲ್ಲ ಬೆಂಗಳೂರಿನವು. ಬೇರೆ ಜಿಲ್ಲೆಗಳಲ್ಲಿ ಆಟೋ ದರ ಬೇರೆ ಇರುತ್ತದೆ.

ಫೋನಿನಲ್ಲಿ ಯಾವ ಆಪ್ ಇಟ್ಟುಕೊಳ್ಳಲಿ? ಒಂದು ಸಾಕಾಗಲ್ವಾ?

ಸಾಕಾಗಲ್ಲ. ಕನಿಷ್ಠ ಎರಡು ಇರಲಿ. ಮಳೆ ಬಂದ ಸಂಜೆ ಒಂದರಲ್ಲಿ ಗಾಡಿಯೇ ಇರುವುದಿಲ್ಲ, ಇನ್ನೊಂದರಲ್ಲಿ ಎರಡು ನಿಮಿಷಕ್ಕೆ ಸಿಗುತ್ತದೆ. ತಮಾಷೆ ಏನೆಂದರೆ ಎಷ್ಟೋ ಸಲ ಅದೇ ಡ್ರೈವರ್ ಎರಡೂ ಆಪ್‌ನಲ್ಲಿ ಇರುತ್ತಾನೆ. ಆಟೋದ ಹ್ಯಾಂಡಲ್ ಮೇಲೆ ಸಾಲಾಗಿ ಮೂರು ಫೋನ್ ಸಿಕ್ಕಿಸಿಕೊಂಡವರನ್ನು ನೀವೂ ನೋಡಿರುತ್ತೀರಿ.

ಬೆಂಗಳೂರಿನಲ್ಲಿ ಉಬರ್, ಓಲಾ, ರ‍್ಯಾಪಿಡೊ, ನಮ್ಮ ಯಾತ್ರಿ ನಾಲ್ಕೂ ಚೆನ್ನಾಗಿ ಓಡುತ್ತವೆ. ಓಲಾ ಶುರುವಾಗಿದ್ದು 2010ರಲ್ಲಿ ಮುಂಬೈಯಲ್ಲಿ, ಆಮೇಲೆ ಇಲ್ಲಿಗೆ ಬಂದು ನೆಲೆ ನಿಂತಿತು. ಉಬರ್ ಬೆಂಗಳೂರಿಗೆ ಬಂದಿದ್ದು 2013ರಲ್ಲಿ. ರ‍್ಯಾಪಿಡೊ 2015ರಲ್ಲಿ ಇಲ್ಲೇ ಹುಟ್ಟಿದ್ದು. ನಮ್ಮ ಯಾತ್ರಿ 2022ರ ಕೊನೆಯಲ್ಲಿ ಆಟೋ ಚಾಲಕರ ಸಂಘದ ಜೊತೆ ಸೇರಿ ಬಂದಿದ್ದು. ಅದರಲ್ಲಿ ಕನ್ನಡವನ್ನೇ ಆರಿಸಿಕೊಳ್ಳಬಹುದು, ಅದಕ್ಕೇ ದೊಡ್ಡಮ್ಮನಿಗೆ ಅದು ಇಷ್ಟ. ತಾಲ್ಲೂಕು ಊರುಗಳ ಮಾತು ಬೇರೆ. ಅಲ್ಲಿ ಬಸ್ ಸ್ಟ್ಯಾಂಡ್ ಎದುರಿನ ಆಟೋ ಸ್ಟ್ಯಾಂಡೇ ಆಪ್.

ಆಟೋ ಮೀಟರ್ ದರ ಈಗ ಎಷ್ಟು?

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18 ರೂಪಾಯಿ ಆಯಿತು. ಅದಕ್ಕೂ ಮುಂಚೆ 30 ಮತ್ತು 15 ಇತ್ತು. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು. ಇದನ್ನೇ ಡ್ರೈವರ್‌ಗಳು "ಒನ್ ಅಂಡ್ ಹಾಫ್" ಅನ್ನುವುದು. ಕಾಯಿಸಿದರೆ ಮೊದಲ ಐದು ನಿಮಿಷಕ್ಕೆ ಏನೂ ಇಲ್ಲ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. 20 ಕೆ.ಜಿ.ವರೆಗೆ ಲಗೇಜ್ ಬಿಟ್ಟಿ.

ಲೆಕ್ಕ ಹಾಕಿ ನೋಡಿ. 7 ಕಿ.ಮೀ. ದಾರಿ ಅಂದುಕೊಳ್ಳಿ. ಮೊದಲ 2ಕ್ಕೆ 36, ಉಳಿದ 5ಕ್ಕೆ 90, ಒಟ್ಟು 126 ರೂಪಾಯಿ. ಅದೇ ರಾತ್ರಿ ಹನ್ನೊಂದಕ್ಕೆ 189. ಈ ಲೆಕ್ಕ ತಲೆಯಲ್ಲಿದ್ದರೆ ಆಪ್ ತೋರಿಸಿದ ದರ ಜಾಸ್ತಿಯೋ ಕಡಿಮೆಯೋ ಅಂತ ನಿಮಗೇ ಗೊತ್ತಾಗುತ್ತದೆ. ಆಪ್‌ನಲ್ಲಿ 210 ತೋರಿಸಿ, ರಸ್ತೆಯಲ್ಲಿ ಖಾಲಿ ಆಟೋದವನು "ಮೀಟರ್ ಮೇಲೆ ಇಪ್ಪತ್ತು ಕೊಡಿ" ಅಂದರೆ ಸುಮ್ನೆ ಹತ್ತಿ ಕೂತುಬಿಡಿ. ನಾನಂತೂ ಹಾಗೇ ಮಾಡುವುದು.

ಕ್ಯಾಬ್‌ಗೂ ಸರ್ಕಾರದ ದರ ಇದೆಯಾ?

ಇದೆ, ಬಹಳ ಜನಕ್ಕೆ ಗೊತ್ತಿಲ್ಲ ಅಷ್ಟೇ. 2024ರಲ್ಲಿ ಕರ್ನಾಟಕ ಸರ್ಕಾರ ಸಿಟಿ ಟ್ಯಾಕ್ಸಿಗೂ ಆಪ್ ಟ್ಯಾಕ್ಸಿಗೂ ಒಂದೇ ದರ ಅಂತ ಆದೇಶ ಮಾಡಿತು. ಗಾಡಿಯ ಬೆಲೆ 10 ಲಕ್ಷದ ಒಳಗಿದ್ದರೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. 10ರಿಂದ 15 ಲಕ್ಷದ ಗಾಡಿಗೆ 115 ಮತ್ತು 28. ಅದಕ್ಕೂ ದುಬಾರಿ ಗಾಡಿಗೆ 130 ಮತ್ತು 32. ಮಧ್ಯರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಜಾಸ್ತಿ. ಟೋಲ್ ಬೇರೆ.

ಹಾಗಾದರೆ ಮಳೆಯಲ್ಲಿ ದರ ಏರುವುದು ಯಾಕೆ? ಬೇಡಿಕೆ ಜಾಸ್ತಿಯಾಗಿ ಗಾಡಿ ಕಡಿಮೆಯಾದರೆ ಆಪ್ ತಾನೇ ದರ ಏರಿಸುತ್ತದೆ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ತಂದ ಮಾರ್ಗಸೂಚಿಯಲ್ಲಿ ಮೂಲ ದರದ ಎರಡು ಪಟ್ಟಿನವರೆಗೆ ಹೋಗಬಹುದು ಅಂದಿದೆ. ಮೊದಲು ಒಂದೂವರೆ ಪಟ್ಟು ಇತ್ತು. ನಿಮ್ಮ ಕೈಯಲ್ಲಿ ಇರುವುದು ಒಂದೇ ಉಪಾಯ, ಹದಿನೈದು ನಿಮಿಷ ಕಾಯುವುದು. ಎದುರಿಗೆ ದರ್ಶಿನಿ ಇದ್ದರೆ ಒಂದು ಕಾಫಿ ಕುಡಿದು ಬಂದು ಮತ್ತೆ ನೋಡಿ.

ಉಬರ್ ಆಟೋದಲ್ಲಿ ಕಾರ್ಡಿನಿಂದ ದುಡ್ಡು ಯಾಕೆ ಹೋಗಲ್ಲ? ಡ್ರೈವರ್‌ಗೇ ಕೊಡಿ ಅನ್ನತ್ತೆ.

ಮೊದಲು ಆಪ್‌ನವರು ಪ್ರತಿ ಟ್ರಿಪ್‌ನಲ್ಲಿ ಕಮಿಷನ್ ಹಿಡಿದು ಉಳಿದದ್ದು ಡ್ರೈವರ್‌ಗೆ ಕೊಡುತ್ತಿದ್ದರು. ಅದರ ಮೇಲೆ ದೊಡ್ಡ ಜಗಳವೇ ಆಯಿತು. 2022ರ ಅಕ್ಟೋಬರಿನಲ್ಲಿ ನಮ್ಮ ಸಾರಿಗೆ ಇಲಾಖೆ ಆಪ್‌ಗಳಲ್ಲಿ ಆಟೋ ನಿಲ್ಲಿಸಿ ಅಂತಲೇ ಹೇಳಿತ್ತು, ವಿಷಯ ಹೈಕೋರ್ಟಿಗೆ ಹೋಯಿತು, ಆಮೇಲೆ ಮೀಟರ್ ದರದ ಮೇಲೆ ಶೇ 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಅಷ್ಟೇ ಅಂತ ಸರ್ಕಾರ ಗೊತ್ತು ಮಾಡಿತು. ಆ ಹೊತ್ತಿಗೇ ಬಂದ ನಮ್ಮ ಯಾತ್ರಿಯಲ್ಲಿ ಕಮಿಷನ್ನೇ ಇರಲಿಲ್ಲ. ಡ್ರೈವರ್ ದಿನಕ್ಕೆ ಇಷ್ಟು ಅಂತ ಸಣ್ಣ ಮೊತ್ತ ಕಟ್ಟಿದರೆ ಆಯಿತು, ದುಡಿದದ್ದೆಲ್ಲ ಅವನದೇ. ಬರಬರುತ್ತಾ ಉಳಿದವರೂ ಅದೇ ದಾರಿ ಹಿಡಿದರು. ಉಬರ್ 2025ರ ಫೆಬ್ರುವರಿಯಲ್ಲಿ ಆಟೋಗೆ ಅದನ್ನೇ ತಂದಿತು.

ಇದರಿಂದ ನಿಮಗೆ ಆಗುವುದು ಎರಡು. ಒಂದು, ದುಡ್ಡು ಡ್ರೈವರ್ ಕೈಗೆ, ಕ್ಯಾಶ್ ಇಲ್ಲವೇ ಯುಪಿಐ. ಎರಡು, ತೆರೆಯ ಮೇಲಿನ ದರ ಈಗ ಹೆಚ್ಚೂಕಡಿಮೆ ಒಂದು ಅಂದಾಜು ಇದ್ದ ಹಾಗೆ. ದುಡ್ಡಿನ ವಿಷಯದಲ್ಲಿ ತಕರಾರು ಬಂದರೆ ಆಪ್‌ನವರು "ಅದು ನಿಮ್ಮಿಬ್ಬರ ಮಧ್ಯೆ" ಅಂತ ಜಾರಿಕೊಳ್ಳಬಹುದು. ಹತ್ತುವಾಗಲೇ "ಇಷ್ಟೇ ಅಲ್ವಾ ಅಣ್ಣ?" ಅಂತ ತೆರೆ ತೋರಿಸಿ ಕೇಳಿಬಿಡಿ. ಇಳಿಯುವಾಗ ವಾದ ಮಾಡುವುದಕ್ಕಿಂತ ಅದು ಎಷ್ಟೋ ವಾಸಿ.

ಒಪ್ಪಿಕೊಂಡು ಆಮೇಲೆ "ನೀವೇ ಕ್ಯಾನ್ಸಲ್ ಮಾಡಿ" ಅಂತಾರಲ್ಲ, ಏನು ಮಾಡಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸಂಜೆ ಆರೂವರೆ, ಜಯನಗರದಿಂದ ವೈಟ್‌ಫೀಲ್ಡ್. ಫೋನ್ ಬರುತ್ತದೆ.

"ಎಲ್ಲಿಗೆ ಸಾರ್ ಡ್ರಾಪು?"

"ವೈಟ್‌ಫೀಲ್ಡ್."

"ಕ್ಯಾಶಾ, ಆನ್‌ಲೈನಾ?"

"ಯಾವುದಾದ್ರೂ ಸರಿ."

ಒಂದು ಕ್ಷಣ ಮೌನ. ಹಾರ್ನ್ ಕೇಳಿಸುತ್ತದೆ. "ಸಾರ್, ನೂರು ರೂಪಾಯಿ ಎಕ್ಸ್‌ಟ್ರಾ ಕೊಡ್ತೀರಾ? ಇಲ್ಲಾಂದ್ರೆ ಕ್ಯಾನ್ಸಲ್ ಮಾಡ್ಬಿಡಿ."

ಅವನ ಲೆಕ್ಕವನ್ನೂ ನೋಡಿ. ಆ ಹೊತ್ತಿನಲ್ಲಿ ಆ ದಾರಿಗೆ ಎರಡು ಗಂಟೆ ಹಿಡಿಯಬಹುದು, ವಾಪಸ್ ಬರುವಾಗ ಗಿರಾಕಿ ಸಿಗುವ ಗ್ಯಾರಂಟಿ ಇಲ್ಲ. ಆಪ್ ದರ ಕಟ್ಟುವುದು ಹೋಗುವ ದಾರಿಗೆ ಮಾತ್ರ. ಅದೇ ಎರಡು ಗಂಟೆಯಲ್ಲಿ ಜಯನಗರದ ಸುತ್ತಲೇ ನಾಲ್ಕು ಸಣ್ಣ ಟ್ರಿಪ್ ಹೊಡೆಯಬಹುದು. ಹಾಗಂತ ಒಪ್ಪಿಕೊಂಡ ಮೇಲೆ ಕೈ ಕೊಡುವುದು ಸರಿಯಲ್ಲ. ಆದರೆ ಕೋಪ ಸ್ವಲ್ಪ ಇಳಿಯುತ್ತದೆ.

ಅವನು ನಿಮ್ಮ ಕೈಯಿಂದಲೇ ಯಾಕೆ ಕ್ಯಾನ್ಸಲ್ ಮಾಡಿಸುವುದು? ಅವನೇ ಮಾಡಿದರೆ ಅವನ ಲೆಕ್ಕದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ನೀವು ಮಾಡಿದರೆ ದಂಡ ನಿಮಗೆ. ಅದಕ್ಕೇ ಗಡಿಬಿಡಿಯಲ್ಲಿ ಒತ್ತಬೇಡಿ. ಮೊದಲು "ನೀವೇ ಮಾಡಿ" ಅನ್ನಿ. ಆಗದಿದ್ದರೆ ಕ್ಯಾನ್ಸಲ್ ಒತ್ತಿ, ಕಾರಣ ಕೇಳುವ ಕಡೆ ಡ್ರೈವರ್ ಕೇಳಿಕೊಂಡರು ಅನ್ನುವುದನ್ನೇ ಆರಿಸಿ. ಆದರೂ ದುಡ್ಡು ಹಿಡಿದರೆ ಆಪ್‌ನ ಸಹಾಯದ ಪುಟಕ್ಕೆ ಹೋಗಿ ಆ ಟ್ರಿಪ್ ಆರಿಸಿ ವಾಪಸ್ ಕೇಳಿ. ನಾನು ಕೇಳಿದಾಗಲೆಲ್ಲ ಬಂದಿದೆ. ಕೇಂದ್ರದ ಮಾರ್ಗಸೂಚಿ ಪ್ರಕಾರ ಸರಿಯಾದ ಕಾರಣವಿಲ್ಲದೆ ಕ್ಯಾನ್ಸಲ್ ಮಾಡಿದವರಿಗೆ ದರದ ಶೇ 10, ಹೆಚ್ಚೆಂದರೆ 100 ರೂಪಾಯಿ ದಂಡ. ಅದು ಡ್ರೈವರ್‌ಗೂ ಅನ್ವಯ, ನಮಗೂ ಅನ್ವಯ.

ಇನ್ನೂ ಒಂದು ಮಾತು. ನಕ್ಷೆಯ ಮೇಲೆ ಗಾಡಿ ಅಲುಗಾಡದೆ ನಿಂತಿದೆ, ಫೋನೂ ಎತ್ತುತ್ತಿಲ್ಲ ಅಂದರೆ ಅವನು ಬೇರೆ ಆಪ್‌ನ ಟ್ರಿಪ್‌ನಲ್ಲಿದ್ದಾನೆ ಅಂತಲೇ ತಿಳಿಯಿರಿ.

ಬುಕ್ ಮಾಡುವ ಮುಂಚೆಯೇ ಟಿಪ್ ಸೇರಿಸಿ ಅಂತ ಕೇಳತ್ತೆ. ಕೊಡಲೇಬೇಕಾ?

ಬೇಡ. ಟಿಪ್ ಅನ್ನುವುದು ಕೆಲಸ ಆದಮೇಲೆ ಖುಷಿಯಿಂದ ಕೊಡುವುದು. ಮುಂಚೆಯೇ ಕೇಳಿದರೆ ಅದಕ್ಕೆ ಹರಾಜು ಅನ್ನಬೇಕು. ಏರ್‌ಪೋರ್ಟಿಗೆ ಹೊತ್ತಾಗಿದ್ದರೆ ಕೊಟ್ಟು ಹೋಗಿ, ಸುಮ್ನೆ ತತ್ವ ಹಿಡಿದುಕೊಂಡು ವಿಮಾನ ಬಿಡಬೇಡಿ.

ಬೈಕ್ ಟ್ಯಾಕ್ಸಿ ಹತ್ತಬಹುದಾ?

ಕರ್ನಾಟಕದಲ್ಲಿ ಇದು ಹಗ್ಗಜಗ್ಗಾಟ. ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿಗೆ ಅಂತ 2021ರಲ್ಲಿ ತಂದ ಯೋಜನೆಯನ್ನು ಸರ್ಕಾರ 2024ರಲ್ಲಿ ವಾಪಸ್ ತೆಗೆದುಕೊಂಡಿತು. ಕೋರ್ಟ್ ಆದೇಶದ ಮೇಲೆ 2025ರ ಜೂನ್ 16ರಿಂದ ಬೈಕ್ ಟ್ಯಾಕ್ಸಿ ನಿಂತಿದ್ದೂ ಆಯಿತು, ಆಮೇಲೆ ಆಪ್‌ನಲ್ಲಿ ಮತ್ತೆ ಕಾಣಿಸಿಕೊಂಡಿದ್ದೂ ಆಯಿತು. ಹತ್ತುವುದಾದರೆ ಹೆಲ್ಮೆಟ್ ಕೇಳಿ ಹಾಕಿಕೊಳ್ಳಿ.

ಬಂದಿದ್ದು ನಮ್ಮ ಗಾಡಿಯೇ ಅಂತ ಹೇಗೆ ಗೊತ್ತಾಗತ್ತೆ?

ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ, ಆಮೇಲೆ ಒಟಿಪಿ ಹೇಳಿ. ಈ ಕ್ರಮ ತಪ್ಪಬಾರದು. ಟೆಕ್ ಪಾರ್ಕ್ ಗೇಟಿನಲ್ಲಿ ಒಂದೇ ಥರದ ಬಿಳಿ ಕಾರು ಇಪ್ಪತ್ತು ನಿಂತಿರುತ್ತವೆ. ಬಾಡಿಗೆ ಗಾಡಿಗೆ ಹಳದಿ ಬೋರ್ಡ್, ಕಪ್ಪು ಅಕ್ಷರ ಇರಬೇಕು. ಎಲೆಕ್ಟ್ರಿಕ್ ಆದರೆ ಹಸಿರು ಬೋರ್ಡ್ ಮೇಲೆ ಹಳದಿ ಅಕ್ಷರ. ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಅದು ಯಾರದೋ ಮನೆಯ ಗಾಡಿ.

ಅಪ್ಪ ಅಮ್ಮನಿಗೆ ನಾನು ಇಲ್ಲಿಂದಲೇ ಬುಕ್ ಮಾಡಬಹುದಾ? ನಾನಿರುವುದು ಡಲ್ಲಾಸ್‌ನಲ್ಲಿ.

ಮಾಡಬಹುದು. ಹತ್ತುವ ಜಾಗಕ್ಕೆ ಮೈಸೂರಿನ ಮನೆ ವಿಳಾಸ ಹಾಕಿ, ಬೇರೆಯವರಿಗೆ ಬುಕ್ ಮಾಡುವ ಆಯ್ಕೆಯಲ್ಲಿ ಅಪ್ಪನ ಹೆಸರು, ಫೋನ್ ನಂಬರ್ ಕೊಡಿ, ದುಡ್ಡು ಕ್ಯಾಶ್ ಅಂತ ಇಡಿ. ಒಟಿಪಿ, ಗಾಡಿ ನಂಬರ್ ಎರಡನ್ನೂ ಅವರಿಗೆ ಕಳಿಸಿ. ಸುಮ್ನೆ ಕಳಿಸಿದರೆ ಸಾಲದು, ಫೋನ್ ಮಾಡಿ ಓದಿ ಹೇಳಿ.

ಕಷ್ಟ ಇರುವುದು ಆಪ್‌ನಲ್ಲಿ ಅಲ್ಲ, ಪಿನ್‌ನಲ್ಲಿ, ಅಂದರೆ ನಕ್ಷೆಯ ಮೇಲೆ ಹತ್ತುವ ಜಾಗ ತೋರಿಸುವ ಗುರುತಿನಲ್ಲಿ. ಒಂದು ಸಲ ದೊಡ್ಡಮ್ಮನಿಗೆ ಆಟೋ ಬುಕ್ ಮಾಡಿದೆ. ಡ್ರೈವರ್ "ಬಂದಿದೀನಿ" ಅಂತಾನೆ, ದೊಡ್ಡಮ್ಮ "ಯಾವ ಆಟೋನೂ ಇಲ್ಲವಲ್ಲೋ" ಅಂತಾರೆ. ಹತ್ತು ನಿಮಿಷ ನಾನು ಮಧ್ಯೆ ಕೂತು ಇಬ್ಬರಿಗೂ ಫೋನ್ ಮಾಡಿದೆ. ಆಮೇಲೆ ನೋಡಿದರೆ ಪಿನ್ ಬಿದ್ದಿದ್ದು ಹಿಂದಿನ ಕ್ರಾಸ್‌ನಲ್ಲಿ. ಅವರ ಮನೆ ಹಿಂಗೋಡೆಗೆ ತಾಗಿ ಆಟೋ ನಿಂತಿದೆ, ದೊಡ್ಡಮ್ಮ ಮುಂದಿನ ಗೇಟಿನಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದಾರೆ. ಅವತ್ತಿನಿಂದ ಮನೆ ವಿಳಾಸ ಹಾಕುವುದು ಬಿಟ್ಟೆ. ಅವರ ಬೀದಿ ಮೂಲೆಯ ದೇವಸ್ಥಾನವನ್ನೇ ಹತ್ತುವ ಜಾಗ ಅಂತ ಉಳಿಸಿಟ್ಟಿದ್ದೇನೆ. ಡ್ರೈವರ್‌ಗೂ ಗೊತ್ತು, ದೊಡ್ಡಮ್ಮನಿಗೂ ಗೊತ್ತು.

ಬೆಳಗಿನ ಜಾವ ಏರ್‌ಪೋರ್ಟಿಗೆ ಮುಂಚೆಯೇ ಬುಕ್ ಮಾಡಿದರೆ ನಂಬಬಹುದಾ?

ಪೂರ್ತಿ ನಂಬಬೇಡಿ. ಹಿಂದಿನ ರಾತ್ರಿ ಶೆಡ್ಯೂಲ್ ಮಾಡಿದರೂ ಎಷ್ಟೋ ಸಲ ಡ್ರೈವರ್ ಖಚಿತವಾಗುವುದು ಹೊರಡುವ ಹೊತ್ತಿಗೇ. ದಕ್ಷಿಣ ಬೆಂಗಳೂರಿನಿಂದ ದೇವನಹಳ್ಳಿ ಕಡೆಗೆ ಸುಮಾರು 40 ಕಿ.ಮೀ. ದಾರಿ. ಗಾಡಿ ಸಿಗದಿದ್ದರೆ ಏನು ಮಾಡುವುದು ಅಂತ ಮೊದಲೇ ಯೋಚಿಸಿಡಿ. ನನ್ನ ಯೋಚನೆ ಯಾವಾಗಲೂ ಬಿಎಂಟಿಸಿಯ ಏರ್‌ಪೋರ್ಟ್ ಬಸ್ಸು, ವಾಯು ವಜ್ರ. ಮೆಜೆಸ್ಟಿಕ್‌ನಿಂದ ಕೆಐಎ-9 ಹೊರಡುತ್ತದೆ, ಲಗೇಜ್ ಇಡಲು ಜಾಗ ಇರುತ್ತದೆ, ಕೊನೇ ಗಳಿಗೆಯಲ್ಲಿ ಡ್ರಾಪ್ ಎಲ್ಲಿ ಅಂತ ಯಾರೂ ಕೇಳಲ್ಲ. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಿಂದ ಹೊರಡುತ್ತವೆ. ಬುಕ್ ಮಾಡುವಾಗಲೇ ಅದನ್ನು ಸರಿಯಾಗಿ ಆರಿಸಿ, ಇಲ್ಲದಿದ್ದರೆ ಪೆಟ್ಟಿಗೆ ಎಳೆದುಕೊಂಡು ಓಡಬೇಕಾಗುತ್ತದೆ.

ಈಗ ಹೊರದೇಶ. ಉಬರ್ ಎಲ್ಲ ಕಡೆ ಇದೆ ಅಲ್ವಾ?

ಇಲ್ಲ. ಜನ ಮೊದಲು ಎಡವುವುದು ಇಲ್ಲೇ. 2018ರಲ್ಲಿ ಉಬರ್ ಆಗ್ನೇಯ ಏಷ್ಯಾದ ವ್ಯವಹಾರವನ್ನು ಅಲ್ಲಿನದೇ ಆಪ್ ಆದ ಗ್ರ್ಯಾಬ್‌ಗೆ ಮಾರಿತು. ಹಾಗಾಗಿ ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ, ಇಂಡೊನೇಷ್ಯಾಗಳಲ್ಲಿ ಗ್ರ್ಯಾಬ್ ಬೇಕು. ಇಂಡೊನೇಷ್ಯಾದಲ್ಲಿ ಗೋಜೆಕ್ ಕೂಡ ಇದೆ, ಥಾಯ್ಲೆಂಡ್‌ನಲ್ಲಿ ಬೋಲ್ಟ್ ಸಿಗುತ್ತದೆ, ವಿಯೆಟ್ನಾಂನಲ್ಲಿ ಸಾನ್ ಎಸ್ಎಂ ಅನ್ನುವ ಎಲೆಕ್ಟ್ರಿಕ್ ಕಾರುಗಳಿವೆ. ಚೀನಾದಲ್ಲಿ ಡಿಡಿ. ದಕ್ಷಿಣ ಕೊರಿಯಾದಲ್ಲಿ ಕಾಕಾವೊ ಟಿ. ಶ್ರೀಲಂಕಾದಲ್ಲಿ ಪಿಕ್‌ಮಿ, ಉಬರ್ ಎರಡೂ. ನೇಪಾಳದಲ್ಲಿ ಪಠಾವೊ ಮತ್ತು ಇನ್‌ಡ್ರೈವ್. ಇನ್‌ಡ್ರೈವ್‌ನಲ್ಲಿ ದರ ನೀವು ಹೇಳಬೇಕು, ಡ್ರೈವರ್ ಒಪ್ಪಬೇಕು ಅಥವಾ ಜಾಸ್ತಿ ಕೇಳಬೇಕು. ಬೆಂಗಳೂರಿನಲ್ಲಿ ಆಟೋ ಹತ್ತಿ ಪಳಗಿದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ.

ಅಮೆರಿಕದಲ್ಲಿ ಉಬರ್ ಜೊತೆಗೆ ಲಿಫ್ಟ್ ಅನ್ನುವ ಆಪ್ ಇದೆ. ಯುರೋಪಿನಲ್ಲಿ ಉಬರ್, ಬೋಲ್ಟ್ ಎರಡನ್ನೂ ಇಟ್ಟುಕೊಳ್ಳಿ. ಓಲಾ ಒಂದು ಕಾಲಕ್ಕೆ ಲಂಡನ್, ಸಿಡ್ನಿಯಲ್ಲೂ ಓಡುತ್ತಿತ್ತು. 2024ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರರಿಂದಲೂ ಹೊರಬಂದಿತು, ಅಲ್ಲಿ ಹೋಗಿ ತೆರೆದು ನೋಡಬೇಡಿ.

ಹೊರಡುವ ಮುಂಚೆ ಮನೆಯಲ್ಲೇ ಏನೇನು ಮಾಡಿಟ್ಟುಕೊಳ್ಳಬೇಕು?

ಆಪ್ ಹಾಕಿಕೊಂಡು ಲಾಗಿನ್ ಆಗಿ. ಒಟಿಪಿ ಬರುವುದು ನಿಮ್ಮ ಇಲ್ಲಿನ ನಂಬರಿಗೆ. ಅಲ್ಲಿ ಸಿಮ್ ಬದಲಾಯಿಸಿದ ಮೇಲೆ ಇಲ್ಲಿನ ಸಿಮ್ ಪೆಟ್ಟಿಗೆಯ ತಳದಲ್ಲಿ ಎಲ್ಲೋ ಇರುತ್ತದೆ.

ಆಮೇಲೆ ಕಾರ್ಡು. ರಿಸರ್ವ್ ಬ್ಯಾಂಕ್ ನಿಯಮದಂತೆ 2020ರಿಂದೀಚೆ ಕೊಡುವ ಕಾರ್ಡುಗಳಲ್ಲಿ ಹೊರದೇಶದ ವ್ಯವಹಾರ ಮುಚ್ಚಿರುತ್ತದೆ. ಬ್ಯಾಂಕಿನ ಆಪ್‌ಗೆ ಹೋಗಿ ನೀವೇ ತೆರೆಯಬೇಕು, ಮಿತಿಯನ್ನೂ ಹಾಕಬೇಕು. ಚಿಕ್ಕಪ್ಪನ ಮಗ ಬ್ಯಾಂಕಾಕ್‌ನಿಂದ ಫೋನ್ ಮಾಡಿದ್ದು ಇದೇ ವಿಷಯಕ್ಕೆ. ಕಾರ್ಡ್ ಇದೆ, ದುಡ್ಡಿದೆ, ಆದರೆ ಬಟನ್ ಮಾತ್ರ ಆಫ್. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇದ್ದರೆ ಒಳ್ಳೆಯದು.

ಹೋಟೆಲಿನ ವಿಳಾಸವನ್ನು ಆ ದೇಶದ ಲಿಪಿಯಲ್ಲಿ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಜಪಾನ್, ಚೀನಾ, ಥಾಯ್ಲೆಂಡ್ ಮೂರರಲ್ಲೂ ಅದು ಕೈ ಹಿಡಿಯುತ್ತದೆ.

ಅಲ್ಲೂ ಯುಪಿಐ ಮಾಡಬಹುದಾ?

ಸಿಂಗಪುರ, ದುಬೈ, ನೇಪಾಳ, ಶ್ರೀಲಂಕಾದಂಥ ಕಡೆ ಕೆಲವು ಅಂಗಡಿಗಳಲ್ಲಿ ಸ್ಕ್ಯಾನ್ ಮಾಡಬಹುದು. ಗಾಡಿಗೆ ಅದನ್ನು ನಂಬಿಕೊಳ್ಳಬೇಡಿ. ಕಾರ್ಡ್ ಇಲ್ಲವೇ ಕ್ಯಾಶ್. ಗ್ರ್ಯಾಬ್‌ನಲ್ಲಿ ಕ್ಯಾಶ್ ನಡೆಯುತ್ತದೆ, ಅದೊಂದು ದೊಡ್ಡ ನೆಮ್ಮದಿ. ಚಿಲ್ಲರೆ ಮಾಡಿಸಿಟ್ಟುಕೊಳ್ಳಿ, ಬ್ಯಾಂಕಾಕ್‌ನಲ್ಲಿ ಸಾವಿರ ಬಾತ್ ನೋಟು ಹಿಡಿದರೆ ಅಲ್ಲಿನ ಡ್ರೈವರ್ ಮುಖವೂ ನಮ್ಮೂರಿನವರ ಹಾಗೇ ಆಗುತ್ತದೆ. ದರವನ್ನು ರೂಪಾಯಿಯಲ್ಲಿ ತೋರಿಸಲೇ ಅಂತ ಕೇಳಿದರೆ ಬೇಡ ಅನ್ನಿ. ಅಲ್ಲಿನ ದುಡ್ಡಿನಲ್ಲೇ ಹೋಗಲಿ. ರೂಪಾಯಿಗೆ ಬದಲಾಯಿಸುವ ನೆಪದಲ್ಲಿ ಇನ್ನೊಂದಿಷ್ಟು ಹಿಡಿಯುತ್ತಾರೆ.

ಇಳಿದ ಕೂಡಲೇ ಏರ್‌ಪೋರ್ಟ್ ವೈಫೈನಲ್ಲಿ ಬುಕ್ ಮಾಡಿದರೆ ಆಯ್ತಲ್ವಾ?

ಬುಕ್ ಆಗುತ್ತದೆ. ಗಾಡಿ ನಿಲ್ಲುವ ಜಾಗಕ್ಕೆ ನಡೆದು ಹೋಗುವಷ್ಟರಲ್ಲಿ ವೈಫೈ ಹೋಗಿರುತ್ತದೆ, ಡ್ರೈವರ್ ಮೆಸೇಜ್ ಹಾಕಿದ್ದು ಕಾಣುವುದಿಲ್ಲ. ನನಗೆ ಹೀಗಾಗಿ ಒಂದು ಸಲ ಗಾಜಿನ ಬಾಗಿಲ ಹತ್ತಿರ ಒಳಗೂ ಹೊರಗೂ ಓಡಾಡಿದ್ದೇನೆ, ಒಳಗೆ ಬಂದರೆ ಮೆಸೇಜ್, ಹೊರಗೆ ಹೋದರೆ ಗಾಡಿ. ಈಗ ಹೊರಡುವ ಮುಂಚೆಯೇ ಇ-ಸಿಮ್, ಅಂದರೆ ಚಿಪ್ ಇಲ್ಲದೆ ಫೋನಿನೊಳಗೇ ಸೇರುವ ಸಿಮ್, ಹಾಕಿಕೊಂಡು ಹೋಗುತ್ತೇನೆ. ಹಾಗಾಗದಿದ್ದರೆ ಗಾಡಿ ನಂಬರ್, ಬಣ್ಣ, ನಿಲ್ಲಬೇಕಾದ ಜಾಗ, ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದುಕೊಂಡೇ ಹೊರಗೆ ಕಾಲಿಡಿ.

ಎಲ್ಲಿ ನಿಲ್ಲಬೇಕು ಅಂತಲೇ ಗೊತ್ತಾಗಲ್ಲ.

ಇದು ಸುಮ್ನೆ ಭಯ ಅಲ್ಲ, ನಿಜವಾದ ಕಷ್ಟ. ಬಾಗಿಲಿನಿಂದ ಹೊರಗೆ ಬಂದು ನಿಂತರೆ ಗಾಡಿ ಬರುತ್ತದೆ ಅಂತ ಅಂದುಕೊಳ್ಳುತ್ತೇವೆ. ಬಹಳ ಏರ್‌ಪೋರ್ಟ್‌ಗಳಲ್ಲಿ ಆಪ್ ಗಾಡಿಗಳಿಗೆ ಬೇರೆ ಜಾಗವೇ ಇದೆ. ಲಾಸ್ ಏಂಜಲೀಸ್‌ನಲ್ಲಿ 2019ರಿಂದ ಎಲ್ಎಎಕ್ಸ್-ಇಟ್ ಅನ್ನುವ ಪ್ರತ್ಯೇಕ ಅಂಗಳ ಇದೆ, ಟರ್ಮಿನಲ್‌ನಿಂದ ಶಟಲ್ ಬಸ್‌ನಲ್ಲೋ ನಡೆದೋ ಅಲ್ಲಿಗೆ ಹೋಗಬೇಕು. ಲಂಡನ್ ಹೀಥ್ರೋದಲ್ಲಿ ಪಾರ್ಕಿಂಗ್ ಕಟ್ಟಡದೊಳಗೆ ಹೋಗಬೇಕು. ಬುಕ್ ಮಾಡುವ ಮುಂಚೆ ಶೌಚಾಲಯಕ್ಕೆ ಹೋಗಿಬನ್ನಿ, ಲಗೇಜ್ ಕೈಗೆ ಬರಲಿ, ಆ ಜಾಗದವರೆಗೆ ನಡೆಯಿರಿ, ಆಮೇಲೆ ಬುಕ್ ಮಾಡಿ. ಅಮೆರಿಕದಲ್ಲಿ ಗಾಡಿ ಬಂದು ಎರಡು ನಿಮಿಷ ಆದರೆ ಕಾಯುವ ಚಾರ್ಜ್ ಶುರುವಾಗುತ್ತದೆ.

ಇನ್ನು ರಸ್ತೆಬದಿ. ಅಮೆರಿಕದಲ್ಲೂ ಯುರೋಪಿನ ಬಹುಪಾಲು ದೇಶಗಳಲ್ಲೂ ಗಾಡಿ ಓಡುವುದು ಬಲಗಡೆ. ನನ್ನ ಮೊದಲ ಪ್ರಯಾಣದಲ್ಲಿ, ಚಳಿಗಾಲದ ಒಂದು ಸಂಜೆ, ಅಭ್ಯಾಸದಂತೆ ನಾನು ಎಡಗಡೆಯ ಫುಟ್‌ಪಾತಿನಲ್ಲಿ ನಿಂತು ಗಾಡಿ ಬರುವ ದಿಕ್ಕು ಅಂತ ಖಾಲಿ ದಾರಿ ನೋಡುತ್ತಿದ್ದೆ. ಕಾರು ಎದುರುಗಡೆ ಬಂದು ನಿಂತಿತ್ತು. ಮಧ್ಯೆ ಆರು ಲೇನ್ ರಸ್ತೆ, ದಾಟುವ ಹಾಗಿಲ್ಲ, ಸಿಗ್ನಲ್ ಇನ್ನೂರು ಅಡಿ ದೂರ. ಅವನು ಕೈ ಬೀಸಿದ, ನಾನೂ ಬೀಸಿದೆ. ಓಡಿಹೋಗಿ ಸಿಗ್ನಲ್ ದಾಟಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಐದು ಡಾಲರ್ ದಂಡ. ತಪ್ಪು ನನ್ನದೇ, ಯಾರನ್ನು ಬೈಯಲಿ?

ಮತ್ತೊಂದು. ಫ್ಲೋರಿಡಾ, ಅರಿಜೋನಾ, ಜಾರ್ಜಿಯಾದಂಥ ರಾಜ್ಯಗಳಲ್ಲಿ ಮುಂದೆ ನಂಬರ್ ಪ್ಲೇಟ್ ಹಾಕಬೇಕು ಅನ್ನುವ ನಿಯಮವೇ ಇಲ್ಲ. ಎದುರಿನಿಂದ ಬರುವ ಕಾರಿನ ಬೋರ್ಡು ನೋಡೋಣ ಅಂದರೆ ಬೋರ್ಡೇ ಇರುವುದಿಲ್ಲ. ಹಿಂದೆ ಹೋಗಿ ನೋಡಿ, ಆಮೇಲೆ ಡ್ರೈವರ್‌ಗೆ "ಯಾರಿಗಾಗಿ ಬಂದಿದ್ದೀರಿ?" ಅಂತ ಕೇಳಿ. ನಿಮ್ಮ ಹೆಸರು ಅವರ ಬಾಯಿಂದ ಬರಲಿ, ನೀವು ಹೇಳಬೇಡಿ.

ಏರ್‌ಪೋರ್ಟಿನಲ್ಲಿ ಒಬ್ಬ "ಉಬರ್? ಉಬರ್?" ಅಂತ ಕೇಳಿಕೊಂಡು ಬಂದ. ಹೋಗಬಹುದಾ?

ಬೇಡವೇ ಬೇಡ. ಆಪ್‌ನ ಡ್ರೈವರ್ ಹಾಗೆ ಗಿರಾಕಿ ಹುಡುಕಿಕೊಂಡು ಬರುವುದಿಲ್ಲ. ಲಂಡನ್‌ನಲ್ಲಿ ಇದು ಕಾನೂನೇ. ರಸ್ತೆಯಲ್ಲಿ ಕೈ ತೋರಿಸಿ ಹತ್ತಬಹುದಾದದ್ದು ಕಪ್ಪು ಟ್ಯಾಕ್ಸಿ ಮಾತ್ರ, ಉಬರ್ ಸೇರಿ ಉಳಿದ ಬಾಡಿಗೆ ಕಾರುಗಳನ್ನು ಮೊದಲೇ ಬುಕ್ ಮಾಡಿರಬೇಕು.

ದುಬೈನಲ್ಲಿ ಯಾವುದು ಅಗ್ಗ?

ಮಾಮೂಲಿ ಟ್ಯಾಕ್ಸಿಯೇ. ಆಪ್‌ನ ಖಾಸಗಿ ಕಾರು ಚೆನ್ನಾಗಿರುತ್ತದೆ, ದರವೂ ಚೆನ್ನಾಗಿಯೇ ಇರುತ್ತದೆ. ಕರೀಮ್ ಆಪ್‌ನಲ್ಲಿ ಹಲಾ ಅಂತ ಆರಿಸಿದರೆ ಅದೇ ಸರ್ಕಾರಿ ದರದ ಕೆನೆ ಬಣ್ಣದ ಟ್ಯಾಕ್ಸಿ ಮನೆ ಬಾಗಿಲಿಗೆ ಬರುತ್ತದೆ. ದಾರಿಯಲ್ಲಿ ಸಾಲಿಕ್ ಗೇಟ್ ಬಂದರೆ ಆ ಟೋಲ್ ಸೇರುತ್ತದೆ. ಹೆಣ್ಣುಮಕ್ಕಳು, ಕುಟುಂಬದವರಿಗೆ ಅಂತ ಗುಲಾಬಿ ಬಣ್ಣದ ಚಾವಣಿಯ ಟ್ಯಾಕ್ಸಿ ಇದೆ, ಡ್ರೈವರೂ ಹೆಂಗಸರೇ. ಅಂದಹಾಗೆ ಕರೀಮ್ ಅನ್ನು ಉಬರ್ ಕೊಂಡುಕೊಳ್ಳುತ್ತೇನೆ ಅಂದಿದ್ದು 2019ರಲ್ಲಿ, 310 ಕೋಟಿ ಡಾಲರಿಗೆ.

ಬಾಲಿಯಲ್ಲಿ ಗಾಡಿ ಬುಕ್ ಆದ್ರೂ ಡ್ರೈವರ್ ಬರಲ್ಲ ಅಂತಾನೆ.

ಉಬುದ್, ಚಂಗು ಕಡೆ ಕೆಲವು ಜಾಗಗಳಲ್ಲಿ ಊರಿನ ಟ್ಯಾಕ್ಸಿಯವರು ಆಪ್ ಗಾಡಿ ಇಲ್ಲಿಂದ ಜನರನ್ನು ಹತ್ತಿಸಬಾರದು ಅಂತ ಬೋರ್ಡೇ ಹಾಕಿರುತ್ತಾರೆ. ಬಿಡುವುದಕ್ಕೆ ಬರುತ್ತಾರೆ, ಹತ್ತಿಸಿಕೊಳ್ಳುವುದಕ್ಕೆ ಹೆದರುತ್ತಾರೆ. ನಮ್ಮಲ್ಲೂ ರೈಲ್ವೆ ಸ್ಟೇಷನ್ ಮುಂದೆ ಇಂಥದ್ದೇ ಜಟಾಪಟಿ ನೋಡಿದ್ದೇವಲ್ಲ. ಮೆಸೇಜ್ ಮಾಡಿ ಎಲ್ಲಿಗೆ ಬರಲಿ ಅಂತ ಕೇಳಿ, ಸ್ವಲ್ಪ ದೂರ ನಡೆದು ಹೋಗಿ. ಅಲ್ಲೇ ನಿಂತು ಡ್ರೈವರ್ ಜೊತೆ ವಾದ ಮಾಡಿದರೆ ಪೆಟ್ಟು ಬೀಳುವುದು ಅವನಿಗೆ.

ಜೊತೆಗೆ ಚಿಕ್ಕ ಮಗು ಇದೆ. ಮಡಿಲಲ್ಲಿ ಕೂರಿಸಿಕೊಂಡರೆ ಆಗಲ್ವಾ?

ಊರಿನ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಸಿಂಗಪುರದಲ್ಲಿ 1.35 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಬೇಕು. ಮಾಮೂಲಿ ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆಪ್‌ನ ಖಾಸಗಿ ಬಾಡಿಗೆ ಕಾರಿಗೆ ಇಲ್ಲ. ಹಾಗಾಗಿ ಅಲ್ಲಿ ಮಗು ಇದ್ದರೆ ಟ್ಯಾಕ್ಸಿಯನ್ನೇ ಆರಿಸಿ ಅಥವಾ ಗ್ರ್ಯಾಬ್‌ನಲ್ಲಿ ಮಕ್ಕಳ ಸೀಟಿರುವ ಗಾಡಿ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದ ಒಳಗಿನವರಿಗೆ ಸೀಟು ಬೇಕು, ಎರಡು ವರ್ಷದ ಒಳಗಿನ ಕೂಸಿಗೆ ಹಿಂದಕ್ಕೆ ಮುಖ ಮಾಡಿದ ಸೀಟು. ಸೀಟಿಲ್ಲದಿದ್ದರೆ ಡ್ರೈವರ್ ಹತ್ತಿಸಿಕೊಳ್ಳದೆ ಹೋಗಬಹುದು. ಅತ್ತೆಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. "ನಾಲ್ಕು ಮಕ್ಕಳನ್ನ ಮಡಿಲಲ್ಲೇ ಕೂರಿಸ್ಕೊಂಡು ಬೆಳೆಸಿದೀನಿ ಕಣೋ" ಅಂದರು.

ಟಿಪ್ ಎಷ್ಟು ಕೊಡಬೇಕು?

ಅಮೆರಿಕದಲ್ಲಿ ಕಡ್ಡಾಯ ಅಲ್ಲ, ಆದರೆ ಶೇ 10ರಿಂದ 20 ಕೊಡುವುದು ರೂಢಿ. ಪೆಟ್ಟಿಗೆ ಎತ್ತಿಕೊಟ್ಟರೆ ಖಂಡಿತ ಕೊಡಿ. ಜಪಾನ್‌ನಲ್ಲಿ ಕೊಡಲೇಬೇಡಿ, ಅವರಿಗೆ ಮುಜುಗರ. ಅಲ್ಲಿ ಆಪ್‌ನಲ್ಲಿ ಕರೆದರೂ ಬರುವುದು ಹೆಚ್ಚಾಗಿ ಲೈಸೆನ್ಸ್ ಇರುವ ಟ್ಯಾಕ್ಸಿಯೇ. ಹಿಂದಿನ ಎಡಬಾಗಿಲು ತಾನೇ ತೆರೆದುಕೊಳ್ಳುತ್ತದೆ, ತಾನೇ ಮುಚ್ಚಿಕೊಳ್ಳುತ್ತದೆ. ಹಿಡಿದು ಎಳೆಯಬೇಡಿ, ಇಳಿದ ಮೇಲೆ ಧಡ್ ಅಂತ ಹಾಕಲೂ ಬೇಡಿ.

ಡ್ರೈವರ್ ಇಲ್ಲದ ಕಾರು ಹತ್ತಿದ್ದೀರಾ?

ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ, ಫೀನಿಕ್ಸ್, ಲಾಸ್ ಏಂಜಲೀಸ್‌ಗಳಲ್ಲಿ ವೇಮೊ ಕಂಪನಿಯ ಅಂಥ ಕಾರು ಓಡುತ್ತದೆ. ಅತ್ತೆ ಅದನ್ನು ನೋಡಿ ಕೇಳಿದ್ದು ಒಂದೇ ಮಾತು: "ದಾರಿ ತಪ್ಪಿದ್ರೆ ಯಾರನ್ನ ಕೇಳೋದು?"

ಗಾಡಿಯಲ್ಲಿ ಫೋನ್ ಬಿಟ್ಟುಬಂದೆ!

ಇನ್ನೊಬ್ಬರ ಫೋನಿನಿಂದ ನಿಮ್ಮ ಖಾತೆಗೆ ಲಾಗಿನ್ ಆಗಿ, ಆ ಟ್ರಿಪ್ ತೆರೆದು, ಕಳೆದ ವಸ್ತು ಅನ್ನುವ ಕಡೆಯಿಂದ ಡ್ರೈವರ್‌ಗೆ ಫೋನ್ ಮಾಡಿ. ಬೇಗ ಮಾಡಿ, ಮುಂದಿನ ಗಿರಾಕಿ ಹತ್ತುವ ಮುಂಚೆ. ಹೊರದೇಶದಲ್ಲಿ ವಾಪಸ್ ತಂದುಕೊಡಲು ಚಾರ್ಜ್ ಹಾಕುವುದುಂಟು. ಇಲ್ಲಿ ತಂದುಕೊಟ್ಟರೆ ಅವರ ಪೆಟ್ರೋಲು, ಹೊತ್ತು ಎರಡನ್ನೂ ನೋಡಿ ನೀವೇ ಕೊಡಿ.

ರಾತ್ರಿ ಒಬ್ಬಳೇ ಹೋಗುವಾಗ?

ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ಟ್ರಿಪ್ ಲಿಂಕನ್ನು ಮನೆಯವರಿಗೆ ಕಳಿಸಿ, ಕಳಿಸಿದ್ದು ಡ್ರೈವರ್‌ಗೂ ಕೇಳಿಸಲಿ: "ಹೂಂ ಅಮ್ಮ, ಲಿಂಕ್ ಕಳಿಸಿದೀನಿ, ನೋಡ್ತಿರು." ನಕ್ಷೆಯನ್ನು ನಿಮ್ಮ ಫೋನಿನಲ್ಲೂ ತೆರೆದಿಟ್ಟುಕೊಳ್ಳಿ. ಡ್ರೈವರ್ "ಕ್ಯಾನ್ಸಲ್ ಮಾಡಿ, ಹಾಗೇ ಬಿಟ್ಟುಬರ್ತೀನಿ" ಅಂದರೆ ಹತ್ತಬೇಡಿ, ಆಗ ಆ ಪ್ರಯಾಣದ ದಾಖಲೆಯೇ ಇರುವುದಿಲ್ಲ. ತುರ್ತಿಗೆ ಭಾರತದಲ್ಲಿ 112, ಯುರೋಪಿನಲ್ಲೂ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್, ದುಬೈ, ಸಿಂಗಪುರಗಳಲ್ಲಿ ಪೊಲೀಸರಿಗೆ 999, ಆಸ್ಟ್ರೇಲಿಯಾದಲ್ಲಿ 000.

ಕೊನೆಯಲ್ಲಿ ಸ್ಟಾರ್ ಎಷ್ಟು ಕೊಡಲಿ?

ದೊಡ್ಡಮ್ಮ ಎಲ್ಲರಿಗೂ ಮೂರು ಕೊಡುತ್ತಿದ್ದರು. "ಪರವಾಗಿಲ್ಲ ಓಡಿಸ್ದ, ಅದಕ್ಕೆ ಮೂರು" ಅನ್ನುವುದು ಅವರ ಲೆಕ್ಕ, ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರಲ್ವಾ. ಆಪ್‌ನಲ್ಲಿ ಮೂರು ಅಂದರೆ ಫೇಲ್ ಮಾಡಿದ ಹಾಗೆ, ಸರಾಸರಿ ಇಳಿದರೆ ಡ್ರೈವರ್‌ನ ಖಾತೆಗೇ ಕುತ್ತು ಬರಬಹುದು ಅಂತ ವಿವರಿಸಿದೆ. ಡ್ರೈವರ್‌ಗಳೂ ನಿಮಗೆ ಸ್ಟಾರ್ ಕೊಡುತ್ತಾರೆ ಅಂತಲೂ ಹೇಳಿ, ದೊಡ್ಡಮ್ಮನ ಖಾತೆ ತೆರೆದು ತೋರಿಸಿದೆ. 4.9 ಇತ್ತು. ಕನ್ನಡಕ ಏರಿಸಿ ಎರಡು ಸಲ ನೋಡಿದರು. "ಆ ಒಂದು ಪಾಯಿಂಟ್ ಯಾವನು ಕಿತ್ಕೊಂಡಿದ್ದು?" ಅಂದರು.